ಅವರದು ಒಂದು ದಿನದ ಗುಳಿಗೆ, ನನ್ನದು ತಿಂಗಳಿನದು

ಮೊದಲು ನಡುಗಿದ್ದು ಎಡಗೈಯ ಕಿರುಬೆರಳು. ಹೊಲಿಗೆ ಮಷಿನ್ನಿನ ಮುಂದೆ ಕುಳಿತು ಲೂಸಿ ಬಾಯಿಯವರ ಮೊಮ್ಮಗಳ ಬಿಳಿ ಫ್ರಾಕಿಗೆ ಅಂಚು ಹಾಕುತ್ತಿದ್ದೆ. ಬಟ್ಟೆ ಹಿಡಿದ ಬೆರಳು ತನ್ನಷ್ಟಕ್ಕೆ ತಾನೇ ಅದುರತೊಡಗಿತು. ಮಷಿನ್ನಿನ ಅದುರಿಕೆ ಇರಬೇಕೆಂದು ಕಾಲು ತೆಗೆದೆ. ಮಷಿನ್ ನಿಂತಿತು, ಬೆರಳು ನಿಲ್ಲಲಿಲ್ಲ. ನೋಡುತ್ತಿದ್ದಂತೆಯೇ ಉಳಿದ ಬೆರಳುಗಳೂ ಮುಂಗೈಯೂ ಅದರ ಜೊತೆ ಸೇರಿಕೊಂಡವು. ಬೇರೆ ಯಾರದೋ ಕೈ ಎಂಬಂತೆ ನಾನು ಅದನ್ನು ನೋಡುತ್ತ ಕುಳಿತಿದ್ದೆ. ಅಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ.

ಗೊತ್ತಿಲ್ಲದ್ದನ್ನು ಲೂಸಿ ಬಾಯಿ ಹೇಳಿದರು. ಅವರು ನಮ್ಮ ಮನೆಯ ಒಡತಿ. ಗೋವಾದ ವಾಸ್ಕೋದಲ್ಲಿ, ಮಂಗೋರ್ ಹಿಲ್‌ನ ಇಳಿಜಾರಿನಲ್ಲಿ ಅವರ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ನಾವೆಂದರೆ ನಾನು, ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದ ನನ್ನ ಗಂಡ ಈರಪ್ಪ, ಎರಡು ವರ್ಷ ತುಂಬುತ್ತಿದ್ದ ಮಗಳು ಗೌರಿ. ಸ್ಟೂಲು ಬಿದ್ದ ಸದ್ದಿಗೆ ಲೂಸಿ ಬಾಯಿ ಓಡಿ ಬಂದಾಗ ನಾನು ನೆಲದ ಮೇಲೆ ಒದ್ದಾಡುತ್ತಿದ್ದೆನಂತೆ. ಗೌರಿ ಪಕ್ಕದಲ್ಲೇ ಗುಂಡಿಗಳ ಡಬ್ಬಿ ಸುರುವಿಕೊಂಡು ಆಡುತ್ತಿದ್ದಳಂತೆ, ಅಳುತ್ತಲೂ ಇರಲಿಲ್ಲವಂತೆ. ನೆರೆಯವರಲ್ಲಿ ಒಬ್ಬರು ಕೈಗೆ ಕಬ್ಬಿಣದ ಕೀಲಿ ಕೊಡಿ ಎಂದರು, ಇನ್ನೊಬ್ಬರು ಚಪ್ಪಲಿ ಮೂಸಿಸಿ ಎಂದರು. ಲೂಸಿ ಬಾಯಿ ಎಲ್ಲರನ್ನೂ ಬಾಗಿಲ ಹೊರಗೆ ನಿಲ್ಲಿಸಿ, ನನ್ನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಆ ಫ್ರಾಕನ್ನೇ ಮಡಚಿ ಇಟ್ಟರು. ನಾನು ನಾಲಿಗೆ ಕಚ್ಚಿಕೊಂಡಿದ್ದೆ. ರಕ್ತ ಅದಕ್ಕೆ ಹತ್ತಿತು.

"ಫ್ರಾಕ್ ಹಾಳಾತಲ್ರಿ ಬಾಯಿ," ಎಂದು ಎಚ್ಚರವಾದ ಮೇಲೆ ನಾನು ಅಂದೆನಂತೆ.

"ಫ್ರಾಕ್ ಬೇರೆ ಹೊಲಿ. ಈಗ ಡಾಕ್ಟರ್," ಎಂದರು ಅವರು. ವರ್ಷಗಟ್ಟಲೆ ನಮ್ಮ ಕಡೆಯವರಿಗೇ ಬಾಡಿಗೆ ಕೊಟ್ಟು ಇಷ್ಟು ಕನ್ನಡ ಕಲಿತಿದ್ದರು.

ಇದು ಎರಡು ಸಾವಿರದ ಏಳರ ಮಾತು. ವಾಸ್ಕೋದ ಡಾಕ್ಟರು ಫಿಟ್ಸ್ ಎಂದರು. ಒಂದು ಗುಳಿಗೆ ಬರೆದುಕೊಟ್ಟು, ತಲೆಯ ಸ್ಕ್ಯಾನ್ ಆಗದೆ ಏನೂ ಹೇಳಲಾಗದು, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಈ ವಯಸ್ಸಿನಲ್ಲಿ ಮೊದಲ ಸಲ ಫಿಟ್ಸ್ ಬಂದರೆ ಗಡ್ಡೆ ಇದೆಯೇ ಎಂದು ನೋಡಬೇಕು ಎಂದು ಡಾಕ್ಟರು ನಮ್ಮ ಇವರಿಗೆ ಹಿಂದಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ನನಗೆ ಹಿಂದಿ ಬರುವುದಿಲ್ಲ ಎಂದುಕೊಂಡಿರಬೇಕು. ಗೋವಾಕ್ಕೆ ಬಂದ ಮೇಲೆ ಯಾರಿಗೆ ಬರುವುದಿಲ್ಲ?

ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಂದು ಇಡೀ ಮುಂಜಾನೆ ಕುಳಿತೆವು. ನನ್ನ ಪಕ್ಕ ಸಾವರ್ಡೆಯ ಒಬ್ಬ ಲಾರಿ ಡ್ರೈವರ್, ತಲೆಗೆ ಪಟ್ಟಿ ಸುತ್ತಿಕೊಂಡು, ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಅವನ ಹೆಂಡತಿ ಪ್ರತಿ ಸಲ ಬಾಗಿಲು ತೆರೆದಾಗಲೂ ಅವನನ್ನು ಎಬ್ಬಿಸುತ್ತಿದ್ದಳು, ಅವನು ಪ್ರತಿ ಸಲವೂ "ಬಂತಾ?" ಎಂದು ಕೇಳಿ ಮತ್ತೆ ಮಲಗುತ್ತಿದ್ದ. ನನಗೆ ಅಸೂಯೆಯಾಯಿತು. ನಾನು ಮನಸ್ಸಿನಲ್ಲಿ ಗೌರಿಯನ್ನು ಯಾರ ಹತ್ತಿರ ಬಿಡುವುದೆಂದು ಯೋಚಿಸುತ್ತಿದ್ದೆ. ನನ್ನ ತಾಯಿ ಇಲ್ಲ. ಅತ್ತೆಗೆ ಮೊಣಕಾಲು ನೋವು. ಇವರು ಮರುಮದುವೆಯಾಗಬಹುದು. ಬರುವವಳು ಹೇಗಿರಬೇಕು ಎಂಬಲ್ಲಿಯವರೆಗೆ ಹೋಗಿದ್ದೆ. ಅಳು ಬರಲಿಲ್ಲ. ಬಟ್ಟೆ ಕತ್ತರಿಸುವ ಮೊದಲು ಅಳತೆ ಹಾಕಿದಂತೆ ಅಷ್ಟನ್ನೂ ಹಾಕಿ ನೋಡಿದೆ.

ಸ್ಕ್ಯಾನ್ ಚಿತ್ರ ನೋಡಿದ ಚಿಕ್ಕ ಡಾಕ್ಟರು, "ಗಡ್ಡೆ ಅಲ್ಲ," ಎಂದರು. ನಾನು ಉಸಿರು ಬಿಟ್ಟೆ. "ಹುಳದ ಮರಿ. ಹಂದಿ ಮಾಂಸದಿಂದ ಬರುವ ಲಾಡಿ ಹುಳದ್ದು. ನೋಡಿ, ಈ ಉಂಗುರ, ಅದರೊಳಗಿನ ಚುಕ್ಕೆ ಅದರ ತಲೆ." ಅವರು ಅವಸರದಲ್ಲಿದ್ದರು. ಮುಂದಿನ ವಾರ ನರರೋಗದ ಮೇಡಂ ಇರುವ ದಿನ ಬರಲು ಹೇಳಿ ಇನ್ನೊಬ್ಬರನ್ನು ಕರೆದರು.

ಸಾಯುವುದಿಲ್ಲ ಎಂಬ ಸಮಾಧಾನ ಹೊರಗಿನ ಮೆಟ್ಟಿಲವರೆಗೆ ಬಂತು. ಆಮೇಲೆ ಹೇಸಿಗೆ ಶುರುವಾಯಿತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಮೊಟ್ಟೆಯನ್ನೂ ಮುಟ್ಟಿದವಳಲ್ಲ ನಾನು. ನನ್ನ ತಲೆಯೊಳಗೆ ಹಂದಿಯ ಹುಳ ಬಂದು ಕುಳಿತಿದೆ. ಬಸ್ಸಿನಲ್ಲಿ ಇವರು ಒಂದು ಮಾತೂ ಆಡಲಿಲ್ಲ. ನನ್ನಂತೆಯೇ ಹೆದರಿದ್ದಾರೆ ಎಂದುಕೊಂಡೆ.

ಆ ವಾರವೇ ಅತ್ತೆ ರೋಣದ ಹತ್ತಿರದ ಊರಿನಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಂದ ವಾಸ್ಕೋ ರೈಲು ಹಿಡಿದು ಬಂದರು. ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ, ಯಾವುದೋ ಮಠದ ಅಂಗಾರ. ಅಂಗಾರವನ್ನು ನನ್ನ ಹಣೆಗೆ ಹಚ್ಚಿ, ಗೌರಿಯನ್ನು ಎತ್ತಿಕೊಂಡರು. ಡಾಕ್ಟರು ಏನಂದರು ಎಂದು ಕೇಳಿದರು. ಮುಚ್ಚಿಡಬೇಕೆಂದು ನನಗೆ ಹೊಳೆಯಲಿಲ್ಲ. ಹೇಳಿದೆ.

ಅತ್ತೆ ಗೌರಿಯನ್ನು ಕೆಳಗಿಳಿಸಿ ಬಾಗಿಲು ಮುಂದೆ ಮಾಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಶಾಂತಾ, ಖರೇ ಹೇಳು. ಆ ಬಾಯಿ ಮನ್ಯಾಗ ಏನ ತಿಂದಿ?"

"ಕೇಕ್ ತಿಂದೇನ್ರಿ ಅತ್ತಿ. ಬಾಳೆಹಣ್ಣು ಕೊಟ್ಟಿದ್ರು. ಅಷ್ಟ."

"ಕೇಕಿನಾಗ ಏನ ಹಾಕಿರತಾರೋ ಯಾರಿಗೆ ಗೊತ್ತು? ಅವರು ಮಾಂಸ ಮಾಡೋ ಪಾತ್ರಿನೂ ಅವ, ಚಮಚನೂ ಅವ."

"ನಾ ಅಂಥದ್ದೇನೂ ತಿಂದಿಲ್ರಿ."

"ತಿಂದಿ ಅಂತ ನಾ ಎಲ್ಲಿ ಅಂದೆ? ಗೊತ್ತಿಲ್ದ ಹೊಟ್ಟಿಗೆ ಹೋಗಿರತೈತಿ."

ಅವರು ಬೈಯಲಿಲ್ಲ. ನನ್ನ ತಾಟು, ವಾಟಗ ಬೇರೆ ಇಟ್ಟರು. ಗೌರಿ ನನ್ನ ತಾಟಿಗೆ ಕೈ ಹಾಕಿದರೆ ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು. ನಾನು ಒಲೆಯ ಹತ್ತಿರ ಹೋಗಬಾರದು, ನೀರಿನ ಹತ್ತಿರ ಒಬ್ಬಳೇ ಹೋಗಬಾರದು, ಮಷಿನ್ ಮುಟ್ಟಬಾರದು, ಮಗುವನ್ನು ಎತ್ತಿಕೊಂಡು ನಡೆಯಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಮಾಡಲು ಕೆಲಸವೂ ಇರಲಿಲ್ಲ. ಲೂಸಿ ಬಾಯಿ ಒಂದು ಬಟ್ಟಲಲ್ಲಿ ಗಂಜಿ ತಂದಾಗ ಅತ್ತೆ ಬಾಗಿಲಲ್ಲೇ ನಿಂತು, "ಬ್ಯಾಡ್ರಿ, ನಮ್ಮದು ಊಟ ಆಗೇತಿ," ಎಂದರು. ಬೆಳಗಿನ ಹಾಲು ಇನ್ನೂ ಬಂದಿರಲಿಲ್ಲ. ಲೂಸಿ ಬಾಯಿ ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ಬಟ್ಟಲ ಮೇಲೆ ಸೆರಗಿನಂತೆ ಅಂಗೈ ಮುಚ್ಚಿಕೊಂಡು ಹೋದರು. ಆಮೇಲೆ ಬರುವುದನ್ನು ಬಿಟ್ಟರು. ಇವರು ಅಲ್ಲೇ ಕುಳಿತಿದ್ದರು, ಬೂಟಿನ ದಾರ ಕಟ್ಟುತ್ತಿದ್ದರು. ಕಟ್ಟಿ ಮುಗಿಸಿ ಕೆಲಸಕ್ಕೆ ಹೋದರು.

ಫಿಟ್ಸ್ ಬಂದವರು ನಮ್ಮ ಗುಡ್ಡದಲ್ಲಿ ಅದನ್ನು ಹೇಳಿಕೊಳ್ಳುವುದಿಲ್ಲ. ಹುಳದ ಮಾತನ್ನಂತೂ ಆಡುವುದೇ ಇಲ್ಲ. ಆ ದಿನಗಳಲ್ಲಿ ನನ್ನಂಥವಳು ಇನ್ನೊಬ್ಬಳಿದ್ದಾಳೆ ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು. ಇದನ್ನು ಬರೆಯುತ್ತಿರುವುದು ಅದಕ್ಕೆ.

ನರರೋಗದ ಮೇಡಂ ಬೆಳಗಾವಿ ಕಡೆಯವರು. ನನ್ನ ಹೆಸರು, ಊರು ಕೇಳಿ, ಕನ್ನಡದಲ್ಲೇ ಮಾತಿಗೆ ಇಳಿದರು. ಅವರ ಮೇಜಿನ ಮುಂದೆ ಕುಳಿತಾಗ ಎಷ್ಟೋ ದಿನಗಳ ಮೇಲೆ ಬೆನ್ನು ಹಗುರವಾಯಿತು.

"ಈ ಹುಳಕ್ಕ ಎರಡು ಔಷಧ ಅದಾವ್ರಿ," ಎಂದರು. "ಒಂದು ಅಲ್ಬೆಂಡಜೋಲ್, ಇನ್ನೊಂದು ಪ್ರಾಜಿಕ್ವಾಂಟೆಲ್. ಎರಡನೇದು ನಿಮ್ಮ ಫಿಟ್ಸಿನ ಗುಳಿಗಿ ಜೋಡಿ ಕೂಡಿದ್ರ ತನ್ನ ಶಕ್ತಿ ಕಳಕೋತೈತಿ. ಅದಕ್ಕ ನಿಮಗ ಮೊದಲನೇದು."

"ಅಂಗನವಾಡ್ಯಾಗ ಹುಡುಗರಿಗೆ ಜಂತಿಗೆ ಕೊಡತಾರಲ್ರಿ, ಅದೇನ್ರಿ?"

"ಅದ. ಅವರಿಗೆ ಒಂದ ಸಲ. ನಿಮಗ ದಿನಾ ಎರಡು ಹೊತ್ತು, ತಿಂಗಳತನಕ. ಅಲ್ಲಿ ಹೊಟ್ಟ್ಯಾಗಿಂದು, ಇಲ್ಲಿ ತಲ್ಯಾಗಿಂದು. ತಲಿ ತನಕ ಔಷಧ ಮುಟ್ಟಬೇಕಲ್ರಿ."

ಏನೂ ಕೊಡದೆ ಬಿಟ್ಟರೂ ಎಷ್ಟೋ ಜನರಿಗೆ ಅದು ತಾನೇ ಒಣಗುತ್ತದೆ ಎಂದೂ ಹೇಳಿದರು. ಔಷಧ ಕೊಟ್ಟರೆ ಬೇಗ ಹೋಗುತ್ತದೆ, ಆದರೆ ಸಾಯುವಾಗ ಸುತ್ತ ಬಾವು ಬರುತ್ತದೆ, ಆಗ ಫಿಟ್ಸ್ ಹೆಚ್ಚಾಗಬಹುದು. ಅದಕ್ಕೆ ಬಾವು ಇಳಿಸುವ ಸ್ಟಿರಾಯ್ಡ್ ಮೊದಲು ಶುರುಮಾಡಬೇಕು, ಮೊದಲ ಕೆಲವು ದಿನ ವಾರ್ಡಿನಲ್ಲಿರಬೇಕು. ಹೊಟ್ಟೆಯಲ್ಲಿ ಕೂಸಿಲ್ಲ ಎಂದು ಪರೀಕ್ಷೆ ಮಾಡಿಸಿದರು. ಗೌರಿಗೆ ಹಾಲು ಬಿಡಿಸಿ ಎಂದರು. ಮೊದಲೇ ಬಿಡಿಸಬೇಕೆಂದು ಅಂದುಕೊಳ್ಳುತ್ತ ಬಂದಿದ್ದೆ. ಹೀಗೆ ಬಿಡಿಸಬೇಕಾದೀತೆಂದು ಅಂದುಕೊಂಡಿರಲಿಲ್ಲ.

"ಮತ್ತ ಇನ್ನೊಂದು. ಬರಿ ಹೊಟ್ಟಿಗೆ ತಗೋಬ್ಯಾಡ್ರಿ. ಎಣ್ಣಿ, ತುಪ್ಪ ಇರೋ ಊಟದ ಜೋಡಿ ತಗೊಂಡ್ರ ಈ ಔಷಧ ಮೈಗೆ ಹತ್ತತೈತಿ."

ರೋಗಿಗೆ ತುಪ್ಪವೇ ಎಂದು ಅತ್ತೆ ದಂಗಾದರು. ಆದರೂ ಆಸ್ಪತ್ರೆಗೆ ಬರುವಾಗ ದಿನವೂ ರೊಟ್ಟಿ, ಎಣ್ಣೆ ತೇಲುವ ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದರು. ಹತ್ತಿರ ಕುಳಿತು ತಿನ್ನಿಸುತ್ತಿರಲಿಲ್ಲ. ಡಬ್ಬಿ ಬಿಚ್ಚಿಟ್ಟು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು.

ವಾರ್ಡಿನಲ್ಲಿ ಎರಡನೆಯ ದಿನ ತಲೆನೋವು ಶುರುವಾಯಿತು. ಹಣೆಯೊಳಗಿಂದ ಯಾರೋ ಹೊರಗೆ ತಳ್ಳುತ್ತಿರುವಂಥ ನೋವು. ಮಧ್ಯಾಹ್ನ ಕಿರುಬೆರಳು ಮತ್ತೆ ಅದುರಿತು. ಈ ಸಲ ನನಗೆ ಗೊತ್ತಿತ್ತು. ಗೊತ್ತಿರುವುದು ಇನ್ನೂ ಕೆಟ್ಟದ್ದು. "ಸಿಸ್ಟರ್" ಎಂದು ಕರೆಯುವಷ್ಟು ಹೊತ್ತಿತ್ತು, ಅಷ್ಟೇ. ಎಚ್ಚರವಾದಾಗ ಮಂಚದ ಪಕ್ಕ ಸಿಸ್ಟರ್ ನನ್ನ ಕೂದಲನ್ನು ಬಿಚ್ಚಿ, ಮತ್ತೆ ಸಡಿಲವಾಗಿ ಹೆಣೆಯುತ್ತಿದ್ದರು. ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು, ತಮ್ಮಷ್ಟಕ್ಕೇ ಎಂಬಂತೆ. ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಹುಳದ ವಿಷಯ ಗೊತ್ತಾದ ಮೇಲೆ ನನ್ನ ತಲೆಯನ್ನು ಹೆದರದೆ ಮುಟ್ಟಿದವರು ಅವರೇ ಎಂದು ಈಗಲೂ ಅನ್ನಿಸುತ್ತದೆ.

ಮರುದಿನ ಮೇಡಂ ರೌಂಡಿಗೆ ಬಂದಾಗ ಇವರೂ ಅತ್ತೆಯೂ ಇಬ್ಬರೂ ಇದ್ದರು. ಮೇಡಂ ನನ್ನನ್ನು ನೋಡಿ ಮುಗಿಸಿ, ಅತ್ತೆಯ ಕಡೆ ತಿರುಗಿದರು. ಅತ್ತೆಯೇ ಕೇಳಿದ್ದರು, ಇದು ಕ್ರೈಸ್ತರ ಮನೆಯ ಕೇಕಿನಿಂದ ಬಂದಿರಬಹುದೇ ಎಂದು.

"ಕೇಕಿನಿಂದ ಎಲ್ಲಿ ಬರತೈತ್ರಿ ಅಮ್ಮಾ?" ಎಂದರು ಮೇಡಂ. "ಇದನ್ನ ಮಂದಿ ಭಾಳ ತಪ್ಪು ತಿಳಕೋತಾರ. ಸರಿಯಾಗಿ ಬೇಯದ ಮಾಂಸ ತಿಂದವರಿಗೆ ಹುಳ ಆಗತೈತಿ, ಖರೇ. ಆದ್ರ ಅದು ಅವರ ಹೊಟ್ಟ್ಯಾಗ ಆಗತೈತಿ. ಆ ಹುಳ ತತ್ತಿ ಇಡತೈತಿ. ಅವರು ಸಂಡಾಸಕ್ಕ ಹೋಗಿ ಬಂದು ಕೈ ಚಲೋ ತೊಳೀಲಿಲ್ಲ ಅಂದ್ರ ಆ ತತ್ತಿ ಇನ್ನೊಬ್ಬರ ಊಟದಾಗ ಬರತೈತಿ. ತತ್ತಿ ನುಂಗಿದವರಿಗೆ ಹಿಂಗ ತಲ್ಯಾಗ ಆಗತೈತಿ. ನಿಮ್ಮ ಸೊಸಿ ಏನೂ ತಿಂದಿಲ್ಲ. ಅಕಿ ಜನ್ಮದಾಗ ಮಾಂಸ ಮುಟ್ಟಿರಲಿಕ್ಕಿಲ್ಲ."

ಅತ್ತೆ ನನ್ನ ಕಡೆ ನೋಡಲಿಲ್ಲ. ಮೇಡಂ ಮುಂದುವರಿದರು. "ಅದಕ್ಕ ಮನ್ಯಾಗ ಇರೋರನ್ನ ಎಲ್ಲಾರನೂ ಪರೀಕ್ಷಾ ಮಾಡಬೇಕು. ಯಾರಿಗರೇ ಸಂಡಾಸದಾಗ ಬಿಳಿ ಪಟ್ಟಿ ಹಂಗ ತುಂಡು ಬೀಳತಾವೇನ್ರಿ? ಲಾಡಿ ಕತ್ತರಿಸಿದಂಗ?"

ಪಕ್ಕದ ಮಂಚದವರ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಇವರು ಮಂಚದ ಕಂಬಿ ಹಿಡಿದು ನಿಂತಿದ್ದರು.

"ಹೌದ್ರಿ," ಎಂದರು. "ನನಗ ಬೀಳತಾವ್ರಿ."

"ಎಷ್ಟು ದಿನದಿಂದ?"

"ಭಾಳ ದಿನ ಆತ್ರಿ. ಕೂಸು ಹುಟ್ಟೋಕಿಂತ ಮೊದಲಿಂದ."

ಅತ್ತೆ ಮಗನ ಕಡೆ ತಿರುಗಿದರು. "ಈರಾ, ಏನ ತಿಂದಿ ನೀ?"

"ಬಂದರದ ಗೇಟಿನ ಕಡೆ ಗಾಡಿ ನಿಂದರತೈತಿ ಬೇ. ಹುರದು ಕೊಡತಾರ. ಎಲ್ಲಾರೂ ತಿಂತಾರ."

"ಹಂದೀದು?"

ಇವರು ತಲೆಯಾಡಿಸಿದರು. "ಹಸಿವಿತ್ತು. ರುಚಿ ಇತ್ತು," ಎಂದರು.

ಆಗ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಲೆಕ್ಕವಿಲ್ಲದ ನೆನಪುಗಳು. ಗೌರಿ ಹುಟ್ಟಿದಾಗ ನನ್ನ ಬಾಣಂತನ ಮಾಡಿದವರು ಇವರೇ. ತಾಯಿ ಇಲ್ಲ, ಅತ್ತೆ ಆಗ ಹಾಸಿಗೆ ಹಿಡಿದಿದ್ದರು. ಇವರು ಕೆಲಸಕ್ಕೆ ರಜೆ ಹಾಕಿ ಅನ್ನ ಮಾಡಿದರು. ಬಿಸಿ ಅನ್ನಕ್ಕೆ ಮೆಣಸಿನ ಸಾರು ಹಾಕಿ, ಕೈಯಿಂದಲೇ ಮೆತ್ತಗೆ ಕಲಸಿ, ಕೂಸಿಗೆ ಹಾಲು ಕುಡಿಸುತ್ತ ಕುಳಿತಿದ್ದ ನನ್ನ ಬಾಯಿಗೆ ತುತ್ತು ಇಡುತ್ತಿದ್ದರು. ಗುಡ್ಡದ ಹೆಂಗಸರು ಇಂಥ ಗಂಡ ಯಾರಿಗಿದ್ದಾನೆ ಎನ್ನುತ್ತಿದ್ದರು. ಮಂಚದ ಮೇಲೆ ಮಲಗಿದಲ್ಲೇ ನಾನು ಆ ತುತ್ತುಗಳನ್ನು ಒಂದೊಂದಾಗಿ ನೆನೆಯುತ್ತಿದ್ದೆ. ಇವರೂ ಅದನ್ನೇ ನೆನೆಯುತ್ತಿದ್ದಾರೆಂದು ಮುಖ ನೋಡಿ ತಿಳಿಯಿತು.

ಪರೀಕ್ಷೆಯಲ್ಲಿ ಅತ್ತೆಗೂ ಗೌರಿಗೂ ಏನೂ ಇರಲಿಲ್ಲ. ಇವರಿಗಿತ್ತು. ಇವರ ಔಷಧದ ಬಗ್ಗೆಯೂ ಮೇಡಂ ಎರಡು ಹೆಸರು ಹೇಳಿದರು. ನನಗೆ ಬೇಡವೆಂದಿದ್ದ ಪ್ರಾಜಿಕ್ವಾಂಟೆಲನ್ನು ಇವರಿಗೆ ಕೊಡಬಹುದಿತ್ತು, ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಆದರೆ ಅದು ರಕ್ತಕ್ಕೆ ಸೇರುತ್ತದೆ. ಇವರ ತಲೆಯಲ್ಲೂ ಗೊತ್ತಿಲ್ಲದಂತೆ ಒಂದು ಗಂಟು ಮಲಗಿದ್ದರೆ ಅದನ್ನು ಕೆಣಕುತ್ತದೆ. "ನಿಕ್ಲೋಸಮೈಡ್ ಹಂಗಲ್ಲ," ಎಂದರು. "ಹೊಟ್ಟ್ಯಾಗ ಹೋಗಿ, ಹೊಟ್ಟ್ಯಾಗ ಕೆಲಸ ಮಾಡಿ, ಅಲ್ಲಿಂದನ ಹೊರಗ ಹೋಗತೈತಿ. ಮುಂಜಾನೆ ಬರಿ ಹೊಟ್ಟೀಲೆ ಚಲೋ ಅಗದು ನುಂಗ್ರಿ."

ಹೀಗೆ ಒಂದೇ ಹುಳಕ್ಕೆ ನಮ್ಮ ಮನೆಯಲ್ಲಿ ಎರಡು ಔಷಧ ಬಂದವು. ಇವರದು ಬರಿ ಹೊಟ್ಟೆಯಲ್ಲಿ, ನನ್ನದು ತುಪ್ಪದ ಜೊತೆ. ಇವರು ಒಂದು ಭಾನುವಾರ ಮುಂಜಾನೆ ಹಿತ್ತಲ ಕಲ್ಲಿನ ಮೇಲೆ ಕುಳಿತು ಆ ಗುಳಿಗೆಗಳನ್ನು ಸುಣ್ಣದ ಕಲ್ಲು ಅಗಿದಂತೆ ಅಗಿದರು, ಆಮೇಲೆ ಭೇದಿಯ ಔಷಧ ಕುಡಿದರು, ಮಧ್ಯಾಹ್ನದ ಹೊತ್ತಿಗೆ ಅವರ ಕಾಯಿಲೆ ಮುಗಿದಿತ್ತು. ನನ್ನದು ತಿಂಗಳು ನಡೆಯಿತು. ಸ್ಟಿರಾಯ್ಡಿನಿಂದ ಮುಖ ಹುಣ್ಣಿಮೆಯಂತೆ ಊದಿತು, ಫಿಟ್ಸಿನ ಗುಳಿಗೆಯಿಂದ ಒಸಡು ಬೆಳೆದು ಹಲ್ಲಿನ ಮೇಲೆ ಬಂತು. ಇದು ನ್ಯಾಯವೇ ಎಂದು ಆಗ ಬಹಳ ಯೋಚಿಸುತ್ತಿದ್ದೆ. ಈಗ ಯೋಚಿಸುವುದಿಲ್ಲ. ಔಷಧ ಯಾರು ತಪ್ಪು ಮಾಡಿದರು ಎಂದು ನೋಡುವುದಿಲ್ಲ, ಹುಳ ಎಲ್ಲಿದೆ ಎಂದು ನೋಡುತ್ತದೆ.

ಅತ್ತೆ ನನ್ನ ಹತ್ತಿರ ತಪ್ಪಾಯಿತು ಎಂದು ಹೇಳಲಿಲ್ಲ. ನಾನು ಮನೆಗೆ ಬಂದ ದಿನ ನನ್ನ ತಾಟನ್ನು ಉಳಿದವುಗಳ ಜೊತೆ ತೊಳೆದು ಜೋಡಿಸಿದರು. ಮರುದಿನ ಶೇಂಗಾ ಹೋಳಿಗೆ ಮಾಡಿ, ಸೀರೆ ಬದಲಿಸಿ, ಲೂಸಿ ಬಾಯಿಯ ಮುಂಬಾಗಿಲಿಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಲೂಸಿ ಬಾಯಿ ಹೋಳಿಗೆ ಇಸಿದುಕೊಂಡರು, ಒಳಗೆ ಕರೆಯಲಿಲ್ಲ. ಅತ್ತೆ ಮೆಟ್ಟಿಲ ಮೇಲೆಯೇ ನಿಂತರು. ಕೊನೆಗೆ ತಾವೇ, "ಚಾ ಕುಡೀತೇನಿ, ಕೊಡ್ರಿ," ಎಂದರು. ಜೀವಮಾನದಲ್ಲಿ ಜಂಗಮರ ಮನೆ ಬಿಟ್ಟು ಬೇರೆಡೆ ನೀರು ಮುಟ್ಟದವರು. ಲೂಸಿ ಬಾಯಿಗೆ ಅದೆಲ್ಲ ಎಷ್ಟು ತಿಳಿಯಿತೋ ಗೊತ್ತಿಲ್ಲ. ಚಹಾ ತಂದುಕೊಟ್ಟರು. ಅತ್ತೆ ನಿಂತೇ ಕುಡಿದರು. ಗುಡ್ಡದ ಮೇಲಿನಿಂದ ಬರುವವರೆಲ್ಲ ನೋಡುವಂತೆ ಕುಡಿದರು.

ಇವರು ಮಾತ್ರ ಸರಿಹೋಗಲಿಲ್ಲ. ಕೈ ತೊಳೆಯುವುದೇ ಒಂದು ಕೆಲಸವಾಯಿತು. ಬೆರಳ ಸಂದಿಯ ಚರ್ಮ ಬಿರಿಯಿತು. ಗೌರಿ ಊಟಕ್ಕೆ ಕುಳಿತರೆ ಎದ್ದು ಹೊರಗೆ ಹೋಗುತ್ತಿದ್ದರು. ಅವಳಿಗೆ ನೀರು ಬೇಕಾದರೂ ನನ್ನನ್ನು ಕರೆಯುತ್ತಿದ್ದರು. ಮಾಂಸ ಬಿಟ್ಟರು, ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಅವರನ್ನು ತಡೆಯಲಿಲ್ಲ. ಅವರು ಮಗುವಿನ ತಾಟಿನಿಂದ ದೂರವಿರುವುದು ನನಗೆ ಆಗ ಬೇಕಾಗಿಯೇ ಇತ್ತು.

ಅರ್ಧ ವರ್ಷ ಕಳೆದು ಮತ್ತೆ ಸ್ಕ್ಯಾನ್ ಆಯಿತು. ಉಂಗುರ ಇರಲಿಲ್ಲ. ಅದರ ಜಾಗದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. "ಸತ್ತು ಕಲ್ಲಾಗೇತಿ," ಎಂದರು ಮೇಡಂ. "ಇದು ಹಿಂಗ ಇರತೈತಿ, ಇರಲಿ. ಫಿಟ್ಸಿನ ಗುಳಿಗಿ ಇನ್ನೂ ಸ್ವಲ್ಪ ದಿನ ಬೇಕು, ಬ್ಯಾರೆ ಕೊಡತೇನಿ. ಮಷಿನ್ ಆಮೇಲೆ ನೋಡೋಣು." ಇವರು ಗೌರಿಯನ್ನು ಹೊರಗೆ ಆಡಿಸುತ್ತಿದ್ದರು. ನಾನು ಕೇಳಬೇಕೆಂದುಕೊಂಡಿದ್ದನ್ನು ಕೇಳಿದೆ.

"ಮೇಡಂ, ಇದು ಇವರಿಂದನ ಬಂತೇನ್ರಿ?"

"ಬಂದಿರಬಹುದು. ಮನ್ಯಾಗ ಹುಳ ಇದ್ದೋರು ಇದ್ರ ಭಾಳ ಸಲ ಹಂಗ ಆಗತೈತಿ. ಆದ್ರ ಸಂತಿ ಕೊತ್ತಂಬರಿ ಮ್ಯಾಲೆ ಬಂದಿರಬಹುದು, ನೀರಿನಾಗ ಬಂದಿರಬಹುದು. ಇಂಥವರಿಂದನ ಅಂತ ಹೇಳೋ ಪರೀಕ್ಷಾ ನಮ್ಮ ಹತ್ತಿರ ಇಲ್ರಿ."

ಬರುವಾಗ ಬಸ್ಸಿನಲ್ಲಿ ಗೌರಿ ನನ್ನ ತೊಡೆಯ ಮೇಲೆ ಮಲಗಿದಳು. ಜುವಾರಿ ಸೇತುವೆ ದಾಟಿದ ಮೇಲೆ ಇವರಿಗೆ ಅದನ್ನು ಹೇಳಿದೆ.

"ನನ್ನ ಸಮಾಧಾನಕ್ಕ ಹೇಳಬ್ಯಾಡ," ಎಂದರು.

"ಸಮಾಧಾನಕ್ಕ ಅಲ್ರಿ. ನಿಮ್ಮಿಂದ ಬಂದಿರಬಹುದು ಅಂತನೂ ಅಂದ್ರು. ಎರಡೂ ಹೇಳಾಕತ್ತೇನಿ."

"ನಿನಗ ಏನ ಅನಸತೈತಿ?"

"ನಿಮ್ಮಿಂದನ ಬಂತು ಅನಸತೈತಿ."

ಅವರು ಹೊರಗೆ ನೋಡುತ್ತ ತಲೆಯಾಡಿಸಿದರು. "ನನಗೂ ಹಂಗ ಅನಸತೈತಿ," ಎಂದರು. ಅದನ್ನು ಗಟ್ಟಿಯಾಗಿ ಹೇಳಿದ ಮೇಲೆ ಅವರ ಭುಜ ಸ್ವಲ್ಪ ಕೆಳಗಿಳಿಯಿತು. ನನ್ನದೂ ಇಳಿದಿರಬೇಕು.

ಇದೆಲ್ಲ ಈಗ ಹಳೆಯದು. ಆಮೇಲಿನ ಎರಡು ವರ್ಷಗಳಲ್ಲಿ ಗುಳಿಗೆಯನ್ನು ಅರ್ಧ, ಕಾಲು ಮಾಡುತ್ತ ಬಿಡಿಸಿದರು. ಮಷಿನ್ನಿಗೆ ಕುಳಿತೆ. ಫಿಟ್ಸ್ ತಿರುಗಿ ಬರಲಿಲ್ಲ, ಬರುವುದೇ ಇಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ.

ಆದರೆ ನನಗೆ ವಾಸಿಯಾದ ದಿನವೆಂದು ನೆನಪಿರುವುದು ಆ ಸ್ಕ್ಯಾನಿನ ದಿನವೇ. ವಾಸ್ಕೋದಲ್ಲಿ ಇಳಿದಾಗ ಗೌರಿ ಎದ್ದು ಹಸಿವೆಂದು ಅಳತೊಡಗಿದಳು. ನನ್ನ ಕೈಯಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ, ಚೀಲ, ನೀರಿನ ಬಾಟಲಿ. ಇವರು ಗಾಡಿಯವನ ಹತ್ತಿರ ಬಾಳೆಹಣ್ಣು ಕೊಂಡರು. ಕೊಂಡು, ನನ್ನ ಕಡೆ ಚಾಚಿದರು. ನಾನು ಇಸಿದುಕೊಳ್ಳಲಿಲ್ಲ. ಅವರು ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು. ಆಮೇಲೆ ಸಿಪ್ಪೆ ಸುಲಿದು, ಒಂದು ತುಂಡು ಮುರಿದು, ಅವಳ ಬಾಯಿಗೆ ಇಟ್ಟರು.

ನಾನು ಬೇರೆ ಕಡೆ ನೋಡಿದೆ ಎಂದರೆ ಸುಳ್ಳಾಗುತ್ತದೆ. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಬಸ್ಸಿನ ಕಂಬಿ ಹಿಡಿದ ಕೈ, ತೊಳೆದಿಲ್ಲ ಎಂದುಕೊಂಡೆ. ಗೌರಿ ನುಂಗಿ ಮತ್ತೆ ಬಾಯಿ ತೆರೆದಳು. ಅವರು ಇನ್ನೊಂದು ತುಂಡು ಇಟ್ಟರು. ನಾನು ಏನೂ ಅನ್ನಲಿಲ್ಲ.